ಪುರಿ ಕುಣಿಸುವ ಬಲೂನು: ಮನೆಯಲ್ಲೇ ಸ್ಥಿರ ವಿದ್ಯುತ್ ಪ್ರಯೋಗ, ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಬಂತೆಂದರೆ ಮೈಸೂರಿನ ನಮ್ಮ ಬೀದಿಯ ಮಕ್ಕಳು ನಮ್ಮನೆ ಜಗಲಿಗೆ ಬಂದು ಕೂರುತ್ತಾರೆ. ಅವರ ಜೊತೆ ಮಾಡುವ ಪ್ರಯೋಗಗಳಲ್ಲಿ ಅತಿ ಜಾಸ್ತಿ ಪ್ರಶ್ನೆ ಬರುವುದು ಇದರ ಬಗ್ಗೆಯೇ. ಮಕ್ಕಳಿಗಿಂತ ಅಪ್ಪ ಅಮ್ಮ, ಅಜ್ಜಿ ತಾತಂದಿರು ಹೆಚ್ಚು ಕೇಳುತ್ತಾರೆ. ಮಂಡ್ಯದಿಂದ ಫೋನು ಮಾಡಿ "ನಮ್ಮಲ್ಲಿ ಯಾಕೋ ಆಗ್ತಾನೇ ಇಲ್ಲ" ಅನ್ನುವ ನೆಂಟರೂ ಇದ್ದಾರೆ. ಎಲ್ಲರಿಗೂ ಹೇಳುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪ್ರಯೋಗ ಏನು? ಚಿಕ್ಕದಾಗಿ ಹೇಳಿ.

ಊದಿದ ಬಲೂನನ್ನು ಒಣ ತಲೆಗೂದಲಿಗೆ ಉಜ್ಜಿ, ಕಡ್ಲೆಪುರಿ ಹರಡಿದ ತಟ್ಟೆಯ ಮೇಲೆ ಹಿಡಿಯುವುದು. ಪುರಿ ನೆಗೆದು ಬಲೂನಿಗೆ ಅಂಟುತ್ತದೆ. ಸ್ವಲ್ಪ ಹೊತ್ತಿಗೆ ಕೆಲವು ಪುರಿ ತಾವಾಗಿಯೇ ಪಟ್ ಅಂತ ಸಿಡಿದು ಕೆಳಗೆ ಬೀಳುತ್ತವೆ. ಅಂಟುವುದನ್ನು ಎಲ್ಲರೂ ನೋಡಿ ಚಪ್ಪಾಳೆ ತಟ್ಟುತ್ತಾರೆ. ಸಿಡಿಯುವುದನ್ನು ಯಾರೂ ಗಮನಿಸುವುದಿಲ್ಲ. ನನ್ನ ಪ್ರಕಾರ ನೋಡಬೇಕಾದದ್ದು ಆ ಸಿಡಿತವನ್ನೇ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಏನೇನು ಬೇಕು?

ಎರಡು ಬಲೂನು, ಒಂದು ಹಿಡಿ ಗರಿಗರಿ ಪುರಿ, ಒಂದು ಸ್ಟೀಲ್ ತಟ್ಟೆ, ಟೈಲರ್ ದಾರ. ಇಷ್ಟು ಸಾಕು. ಜೊತೆಗೆ ಎರಡಡಿ ಉದ್ದದ ಪಿವಿಸಿ ಪೈಪಿನ ತುಂಡು ಸಿಕ್ಕರೆ ಬಹಳ ಒಳ್ಳೆಯದು. ಮನೆ ಕಟ್ಟುವ ಕಡೆ, ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಮಿಕ್ಕ ತುಂಡು ಕೇಳಿದರೆ ಕೊಡುತ್ತಾರೆ. ಪೈಪನ್ನು ಉಜ್ಜಲು ಉಲ್ಲನ್ ಮಫ್ಲರ್ ಅಥವಾ ತಾತನ ಮಂಕಿ ಕ್ಯಾಪ್ ಆಗುತ್ತದೆ. ಖಾರ, ಎಣ್ಣೆ ಹಚ್ಚಿದ ಪುರಿ ಬೇಡ. ಅದು ಭಾರ, ಬಲೂನೂ ಜಿಡ್ಡಾಗುತ್ತದೆ.

ಪುರಿ ಇಲ್ಲದಿದ್ದರೆ ಕಾಗದದ ಚೂರು ಆಗುತ್ತದೆ. ಥರ್ಮೋಕೋಲ್ ಕಾಳು ಇನ್ನೂ ಚೆನ್ನಾಗಿ ಅಂಟುತ್ತದೆ ನಿಜ, ಆದರೆ ಆಮೇಲೆ ಮನೆಯೆಲ್ಲ ಗುಡಿಸುವವರು ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಚಿಕ್ಕ ಮಕ್ಕಳು ಅದನ್ನು ಮೂಗಿಗೆ ಹಾಕಿಕೊಳ್ಳುತ್ತಾರೆ. ಹಾಗಾಗಿ ನಾನು ಪುರಿಯ ಪಕ್ಷ.

ಮಾಡುವುದು ಹೇಗೆ?

ಮೊದಲು ಫ್ಯಾನ್ ಆಫ್ ಮಾಡಿ. ಪುರಿ ಗಾಳಿಗೆ ಹಾರಿದ್ದೋ ಬಲೂನಿಗೆ ಹಾರಿದ್ದೋ ಗೊತ್ತಾಗಬೇಕಲ್ವಾ?

ತಟ್ಟೆಯಲ್ಲಿ ಪುರಿಯನ್ನು ಒಂದರ ಮೇಲೊಂದು ಬೀಳದ ಹಾಗೆ ತೆಳ್ಳಗೆ ಹರಡಿ. ಬಲೂನನ್ನು ಗಟ್ಟಿಯಾಗಿ ಊದಿ, ಗಂಟು ಹಾಕಿ. ಗಂಟಿನ ಹತ್ತಿರ ಹಿಡಿದುಕೊಂಡು ಎದುರು ಬದಿಯನ್ನು ತಲೆಗೂದಲಿಗೆ ಹದಿನೈದು ಇಪ್ಪತ್ತು ಸಲ ಬೇಗ ಬೇಗ ಉಜ್ಜಿ. ಉಜ್ಜಿದ ಜಾಗವನ್ನು ಕೈಯಿಂದ ಮುಟ್ಟಬೇಡಿ. ಆ ಬದಿಯನ್ನು ಪುರಿಯ ಮೇಲೆ ನಿಧಾನವಾಗಿ ಇಳಿಸುತ್ತಾ ಬನ್ನಿ. ಕೆಲವು ಇಂಚು ದೂರ ಇರುವಾಗಲೇ ಪುರಿ ಅಲುಗಲು ಶುರುವಾಗುತ್ತದೆ. ಕೆಲವು ಎದ್ದು ನಿಲ್ಲುತ್ತವೆ, ಕೆಲವು ನೆಗೆಯುತ್ತವೆ. ಬಲೂನನ್ನು ಅಲ್ಲೇ ಅಲುಗಾಡದ ಹಾಗೆ ಹಿಡಿದು ನೋಡುತ್ತಿರಿ.

ಇದಾದ ಮೇಲೆ ಎರಡನೇ ಹಂತ. ಒಂದು ಪುರಿಗೆ ಒಂದೂವರೆ ಅಡಿ ದಾರ ಕಟ್ಟಿ ಬಾಗಿಲ ಚೌಕಟ್ಟಿಗೋ ಕುರ್ಚಿಯ ಬೆನ್ನಿಗೋ ನೇತು ಹಾಕಿ. ಚಾಕಲೇಟಿನ ಬೆಳ್ಳಿ ಕಾಗದವನ್ನು ಪುರಿಗೆ ತೆಳ್ಳಗೆ ಸುತ್ತಿದರೆ ಇನ್ನೂ ಚುರುಕಾಗಿ ಕೆಲಸ ಮಾಡುತ್ತದೆ. ಉಜ್ಜಿದ ಬಲೂನನ್ನು ಹತ್ತಿರ ತನ್ನಿ. ಪುರಿ ಓಡಿ ಬಂದು ಬಲೂನಿಗೆ ತಾಗುತ್ತದೆ, ತಾಗಿದ ಮೇಲೆ ದೂರ ಸರಿಯುತ್ತದೆ. ಈಗ ಬಲೂನು ಹಿಡಿದು ಅದನ್ನು ಅಟ್ಟಿಸಿಕೊಂಡು ಹೋಗಿ. ಪುರಿ ತಪ್ಪಿಸಿಕೊಳ್ಳುತ್ತಲೇ ಇರುತ್ತದೆ. ಒಂದು ಬೆರಳಿನಿಂದ ಪುರಿಯನ್ನು ಮುಟ್ಟಿ ಬಿಡಿ. ಮತ್ತೆ ಬಲೂನಿನ ಕಡೆಗೇ ಬರುತ್ತದೆ.

ಶಾಲೆಯ ಲ್ಯಾಬಿನಲ್ಲಿ ಇದೇ ಕೆಲಸಕ್ಕೆ ಬೆಂಡಿನ ಗುಂಡು ಬಳಸುವುದುಂಟು. ಹಳ್ಳಿ ಕಡೆ ಇದ್ದರೆ ಒಣಗಿದ ಜೋಳದ ದಂಟಿನ ಒಳಗಿನ ಬೆಂಡು ತೆಗೆದು ಸಣ್ಣ ಗುಂಡು ಮಾಡಿಕೊಳ್ಳಿ, ಪುರಿಗಿಂತ ಚೆನ್ನಾಗಿರುತ್ತದೆ.

ಹತ್ತಿರ ಬಂದ ಪುರಿ ಆಮೇಲೆ ಯಾಕೆ ದೂರ ಓಡುತ್ತೆ?

ಎಲ್ಲ ವಸ್ತುವಿನಲ್ಲೂ ಪ್ಲಸ್ ಚಾರ್ಜ್, ಮೈನಸ್ ಚಾರ್ಜ್ ಎರಡೂ ಸಮವಾಗಿ ಇರುತ್ತವೆ. ಮೈನಸ್ ಚಾರ್ಜ್ ಹೊತ್ತಿರುವುದು ಎಲೆಕ್ಟ್ರಾನು ಅನ್ನುವ ಅತಿ ಸಣ್ಣ ಕಣ. ಬಲೂನನ್ನು ಕೂದಲಿಗೆ ಉಜ್ಜಿದಾಗ ಕೂದಲಿನ ಒಂದಿಷ್ಟು ಎಲೆಕ್ಟ್ರಾನು ಬಲೂನಿಗೆ ಹೋಗುತ್ತವೆ. ಬಲೂನಿನಲ್ಲಿ ಮೈನಸ್ ಜಾಸ್ತಿ, ಕೂದಲಿನಲ್ಲಿ ಅಷ್ಟೇ ಕಮ್ಮಿ. ಅದಕ್ಕೇ ಕೂದಲು ಎದ್ದು ನಿಂತು ಬಲೂನಿನ ಕಡೆ ವಾಲುತ್ತದೆ.

ಪುರಿಯನ್ನು ಯಾರೂ ಉಜ್ಜಿಲ್ಲ. ಅದರಲ್ಲಿ ಎರಡೂ ಸಮ. ಆದರೂ ಬಲೂನು ಹತ್ತಿರ ಬಂದಾಗ ಪುರಿಯೊಳಗಿನ ಮೈನಸ್ ಸ್ವಲ್ಪ ದೂರ ಸರಿಯುತ್ತದೆ, ಪ್ಲಸ್ ಬದಿ ಬಲೂನಿಗೆ ಹತ್ತಿರ ಉಳಿಯುತ್ತದೆ. ಹತ್ತಿರ ಇರುವ ಸೆಳೆತ ದೂರದ ತಳ್ಳಾಟಕ್ಕಿಂತ ಜೋರು. ಹಾಗಾಗಿ ಪುರಿ ಬಲೂನಿನ ಕಡೆ ಹಾರುತ್ತದೆ. ಮುಟ್ಟಿದ ಮೇಲೆ ಬಲೂನಿನ ಒಂದಿಷ್ಟು ಮೈನಸ್ ಪುರಿಗೂ ಹತ್ತುತ್ತದೆ. ಈಗ ಇಬ್ಬರೂ ಮೈನಸ್. ಒಂದೇ ಜಾತಿಯ ಚಾರ್ಜ್ ಒಂದನ್ನೊಂದು ತಳ್ಳುತ್ತದೆ. ಪುರಿ ಸಿಡಿದು ಹೋಗುತ್ತದೆ. ನೀವು ಬೆರಳಿನಿಂದ ಮುಟ್ಟಿದಾಗ ಆ ಹೆಚ್ಚಿನ ಚಾರ್ಜ್ ನಿಮ್ಮ ಮೈಗೆ ಇಳಿದು ಹೋಗುತ್ತದೆ. ಪುರಿ ಮೊದಲಿನ ಸ್ಥಿತಿಗೆ ಬರುತ್ತದೆ.

ಈಗ ಮೇಲೆ ಬಾಕಿ ಇಟ್ಟ ಮಾತಿಗೆ ಬರುತ್ತೇನೆ. ಒಂದು ವಸ್ತು ಬಲೂನಿಗೆ ಅಂಟಿತು ಅಂದರೆ ಅದರಲ್ಲಿ ಚಾರ್ಜ್ ಇದೆ ಅಂತ ಹೇಳಲು ಆಗುವುದಿಲ್ಲ. ಚಾರ್ಜ್ ಇಲ್ಲದ ಕಾಗದವೂ ಅಂಟುತ್ತದೆ, ಗೋಡೆಗೂ ಬಲೂನು ಅಂಟುತ್ತದೆ. ಆದರೆ ದೂರ ತಳ್ಳಿತು ಅಂದರೆ ಎರಡರಲ್ಲೂ ಚಾರ್ಜ್ ಇದ್ದೇ ಇದೆ, ಅದೂ ಒಂದೇ ಬಗೆಯದು. 1733ರಲ್ಲಿ ಫ್ರಾನ್ಸಿನ ಡು ಫೇ ಅನ್ನುವವರು ಹಿಡಿದದ್ದು ಇದೇ ಎಳೆಯನ್ನು. ಉಜ್ಜಿದ ಗಾಜಿನ ಕೊಳವೆಗೆ ತಾಗಿದ ಚಿನ್ನದ ರೇಕು ಆಮೇಲೆ ಆ ಗಾಜಿನಿಂದ ದೂರ ಓಡಿತು. ಆದರೆ ಉಜ್ಜಿದ ರಾಳದ ತುಂಡು ತಂದಾಗ ಅದರ ಕಡೆ ಧಾವಿಸಿತು. ಹಾಗಾದರೆ ವಿದ್ಯುತ್ತಿನಲ್ಲಿ ಎರಡು ಬಗೆ ಇರಬೇಕು ಅಂತ ಅವರು ಹೇಳಿದರು. ಆ ಎರಡಕ್ಕೆ ಪ್ಲಸ್, ಮೈನಸ್ ಅಂತ ಕರೆದದ್ದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಎಲೆಕ್ಟ್ರಾನು ಗೊತ್ತಾದದ್ದು ಎಷ್ಟೋ ಆಮೇಲೆ, 1897ರಲ್ಲಿ, ಜೆ. ಜೆ. ಥಾಮ್ಸನ್ ಅವರಿಂದ.

ಹಾಗಾದರೆ ಉಜ್ಜಿದ್ದಕ್ಕೆ ವಿದ್ಯುತ್ ಹುಟ್ಟಿತು ಅಂತಲಾ?

ಇಲ್ಲ. ಇದ್ದದ್ದು ಅತ್ತಿಂದಿತ್ತ ಹೋಯಿತು ಅಷ್ಟೇ. ಎರಡು ಬೇರೆ ಬೇರೆ ವಸ್ತು ಚೆನ್ನಾಗಿ ತಾಗಿ, ಆಮೇಲೆ ಬಿಟ್ಟರೂ ಚಾರ್ಜ್ ಬರುತ್ತದೆ. ಉಜ್ಜುವುದರಿಂದ ಹೆಚ್ಚು ಜಾಗದಲ್ಲಿ ತಾಗುತ್ತವೆ ಅನ್ನುವುದೇ ಅನುಕೂಲ. ಸೆಲ್ಲೋ ಟೇಪನ್ನು ಸುರುಳಿಯಿಂದ ಜೋರಾಗಿ ಎಳೆದು ನೋಡಿ. ಉಜ್ಜುವ ಪ್ರಶ್ನೆಯೇ ಇಲ್ಲ, ಆದರೂ ಕೈಗೆ ಸುತ್ತಿಕೊಳ್ಳುತ್ತದೆ.

ನಮ್ಮನೆಯಲ್ಲಿ ಏನೂ ಆಗ್ತಾ ಇಲ್ಲ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮೊದಲು ಕೇಳುವುದು: ಮಗುವಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೀರಾ? ನಮ್ಮ ಕಡೆ ಬೆಳಗ್ಗೆ ಎದ್ದು ಎಣ್ಣೆ ಹಚ್ಚಿ ಜಡೆ ಹೆಣೆಯದೆ ಮಕ್ಕಳನ್ನು ಹೊರಗೆ ಬಿಡುವ ಅಜ್ಜಿಯರಿಲ್ಲ. ಎಣ್ಣೆ ಕೂದಲು ಒಂದಕ್ಕೊಂದು ಮೆತ್ತಿಕೊಂಡಿರುತ್ತದೆ, ಬಲೂನಿಗೂ ಎಣ್ಣೆ ಹತ್ತುತ್ತದೆ. ಏನೂ ಆಗುವುದಿಲ್ಲ. ತಲೆಗೆ ಸ್ನಾನ ಮಾಡಿಸಿ, ಪೂರ್ತಿ ಒಣಗಿದ ಮೇಲೆ ಮಾಡಿ. ಕಂಡೀಷನರ್ ಹಾಕಿದ್ದರೂ ಪರಿಣಾಮ ಕಮ್ಮಿ.

ಎರಡನೆಯದು ಹವೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ವಸ್ತುಗಳ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಆ ಪದರದ ಮೂಲಕ ಚಾರ್ಜ್ ಸೋರಿ ಹೋಗುತ್ತದೆ. ನಮ್ಮ ಮೈಸೂರು ಮಂಡ್ಯದಲ್ಲಿ ಸಂಕ್ರಾಂತಿಯಿಂದ ಯುಗಾದಿವರೆಗೆ ಈ ಪ್ರಯೋಗಕ್ಕೆ ಹೇಳಿ ಮಾಡಿಸಿದ ಕಾಲ. ಅದರಲ್ಲೂ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ. ಚಳಿಗಾಲದಲ್ಲೂ ಬೆಳಗಿನ ಹೊತ್ತು ಬೇಡ, ಮಂಜು ಇಬ್ಬನಿಯ ತೇವ ಇರುತ್ತದೆ.

ತಮಾಷೆ ಅಂದರೆ ಮಕ್ಕಳಿಗೆ ರಜೆ ಇರುವುದು ದಸರಾದಲ್ಲಿ. ಅರಮನೆ ಮುಂದೆ ಬಲೂನು ಕೊಡಿಸಿಕೊಂಡು ಬರುತ್ತಾರೆ, ಮನೆಗೆ ಬಂದು ಉಜ್ಜುತ್ತಾರೆ, ಏನೂ ಆಗುವುದಿಲ್ಲ. ಸೆಪ್ಟೆಂಬರ್ ಅಕ್ಟೋಬರ್ ನಮಗೆ ಒಳ್ಳೆ ಮಳೆ ಬೀಳುವ ತಿಂಗಳು. ಅದು ಮಗುವಿನ ತಪ್ಪೂ ಅಲ್ಲ, ಬಲೂನಿನ ತಪ್ಪೂ ಅಲ್ಲ.

ಮಳೆಗಾಲದಲ್ಲಿ ಮಾಡಲೇಬೇಕು ಅಂದರೆ?

ಬಲೂನು ಬಿಟ್ಟು ಪಿವಿಸಿ ಪೈಪು ಹಿಡಿಯಿರಿ. ಪೈಪನ್ನು ಸೋಪು ಹಾಕಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ಹೇರ್ ಡ್ರೈಯರ್ ಇದ್ದರೆ ಪೈಪಿಗೂ ಬಟ್ಟೆಗೂ ಒಂದು ನಿಮಿಷ ಬಿಸಿ ಗಾಳಿ ಹಿಡಿಯಿರಿ. ಇಲ್ಲದಿದ್ದರೆ ಉಜ್ಜುವ ಬಟ್ಟೆಯನ್ನು ಇಸ್ತ್ರಿ ಮಾಡಿ, ಬೆಚ್ಚಗಿರುವಾಗಲೇ ಬಳಸಿ. ಇಸ್ತ್ರಿ ಕೆಲಸ ದೊಡ್ಡವರದು. ಮೊದಲು ಹಳದಿ ಬಲ್ಬಿನ ಕೆಳಗೆ ಇಟ್ಟು ಒಣಗಿಸುತ್ತಿದ್ದೆವು, ಈಗಿನ ಎಲ್ಇಡಿ ಬಲ್ಬಿಗೆ ಆ ಶಾಖ ಇಲ್ಲ. ಪುರಿಯನ್ನು ಬಾಣಲೆಯಲ್ಲಿ ಸುಮ್ನೆ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ.

ಯಾವ ಬಟ್ಟೆ ಒಳ್ಳೆಯದು? ರೇಷ್ಮೆ ಆಗುತ್ತಾ?

ಬಲೂನಿಗೂ ಪೈಪಿಗೂ ಉಣ್ಣೆ, ಕೂದಲು ಎರಡೂ ಚೆನ್ನ. ಹತ್ತಿ ಬಟ್ಟೆ ನಡೆಯುತ್ತದೆ, ಆದರೆ ಬೇಗ ತೇವ ಹೀರುತ್ತದೆ. ರೇಷ್ಮೆಯ ಕೆಲಸ ಬೇರೆ. ಗಾಜನ್ನು ರೇಷ್ಮೆಯಿಂದ ಉಜ್ಜಿದರೆ ಗಾಜಿನಲ್ಲಿ ಪ್ಲಸ್ ಚಾರ್ಜ್ ಉಳಿಯುತ್ತದೆ. ಪಠ್ಯಪುಸ್ತಕದಲ್ಲಿ ಬರುವ ಹಳೇ ಉದಾಹರಣೆ ಇದು. 1912ರಿಂದ ರೇಷ್ಮೆ ನೇಯುವ ಕಾರ್ಖಾನೆ ಇರುವ ಊರು ನಮ್ಮದು, ಒಂದು ಚೂರು ಬಟ್ಟೆಗೆ ಬರವಿಲ್ಲ. ಟೈಲರ್ ಹತ್ತಿರ ರವಿಕೆ ಹೊಲಿದು ಮಿಕ್ಕ ಚೂರು ಕೇಳಿ. ಅಮ್ಮನ ಜರಿ ಸೀರೆಗೆ ಕೈ ಹಾಕಿದರೆ ಆಗುವ ಶಾಕ್ ಸ್ಥಿರ ವಿದ್ಯುತ್ತಿನದಾಗಿರುವುದಿಲ್ಲ.

ಗಾಜಿನ ಲೋಟವನ್ನು ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿ, ರೇಷ್ಮೆಯಿಂದ ಜೋರಾಗಿ ಉಜ್ಜಿ. ಬಲೂನಿನಿಂದ ದೂರ ಓಡುತ್ತಿರುವ ನೇತು ಹಾಕಿದ ಪುರಿಯ ಹತ್ತಿರ ತನ್ನಿ. ಓಡುತ್ತಿದ್ದ ಪುರಿ ಲೋಟದ ಕಡೆ ಬರುತ್ತದೆ. ಉಣ್ಣೆಯಿಂದ ಉಜ್ಜಿದ ಪೈಪನ್ನು ತಂದರೆ ದೂರ ಹೋಗುತ್ತದೆ. ಗಾಜು ತೇವಕ್ಕೆ ಬಲು ಬೇಗ ಸೋಲುತ್ತದೆ, ಹಾಗಾಗಿ ಇದನ್ನು ಒಣ ದಿನಕ್ಕೇ ಇಟ್ಟುಕೊಳ್ಳಿ. ಇದು ಸರಿಯಾಗಿ ಆಯಿತು ಅಂದರೆ ಡು ಫೇ ನೋಡಿದ್ದನ್ನೇ ನಿಮ್ಮ ಮಗುವೂ ನೋಡಿದ ಹಾಗೆ.

ಸ್ಟೀಲ್ ಸೌಟು ಉಜ್ಜಿದರೆ?

ಚಾರ್ಜ್ ಬರುತ್ತದೆ, ಬಂದ ಹಾಗೆಯೇ ನಿಮ್ಮ ಕೈಯಿಂದ ನೆಲಕ್ಕೆ ಹೋಗುತ್ತದೆ. ಲೋಹದಲ್ಲಿ ಚಾರ್ಜ್ ಒಂದೇ ಕಡೆ ನಿಲ್ಲುವುದಿಲ್ಲ.

ಇದರಿಂದ ಮಗುವಿಗೆ ಶಾಕ್ ಹೊಡೆಯುತ್ತಾ?

ಬಲೂನಿನಿಂದ ಏನೂ ಗೊತ್ತಾಗುವುದಿಲ್ಲ. ಪೈಪನ್ನು ಜೋರಾಗಿ ಉಜ್ಜಿ ಬೆರಳು ತಂದರೆ ಚಿಟಚಿಟ ಸದ್ದು ಕೇಳಬಹುದು. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ಕಿಡಿ ಹಾರಲು ಸುಮಾರು 3,000 ವೋಲ್ಟ್ ಬೇಕು. ಇದನ್ನು ಕೇಳಿ ಪೋಷಕರು ಗಾಬರಿ ಆಗುತ್ತಾರೆ. ಮನೆಯ ಕರೆಂಟು 230 ವೋಲ್ಟ್ ಅಷ್ಟೇ, ಅದೇ ಪ್ರಾಣ ತೆಗೆಯುತ್ತೆ, ಇದು ಹೇಗೆ ಸುಮ್ಮನಿರುತ್ತೆ ಅಂತ.

ವೋಲ್ಟ್ ಅಂದರೆ ಒತ್ತಡ. ಹೋಳಿಯ ಪಿಚಕಾರಿಯಲ್ಲಿ ನೀರು ಎಷ್ಟು ಜೋರಾಗಿ ಚಿಮ್ಮಿದರೂ ಮುಖ ಒದ್ದೆಯಾಗುತ್ತದೆ, ಮುಗಿಯಿತು. ನಾಲೆಯ ನೀರು ಮೆಲ್ಲಗೆ ಹರಿದರೂ ನಿಲ್ಲದೆ ಬರುತ್ತಲೇ ಇರುತ್ತದೆ, ಅದು ಎಳೆದುಕೊಂಡು ಹೋಗುತ್ತದೆ. ಪೈಪಿನಲ್ಲಿ ಇರುವ ಚಾರ್ಜ್ ತೀರಾ ಸ್ವಲ್ಪ, ಕ್ಷಣದಲ್ಲಿ ಖಾಲಿ. ಪ್ಲಗ್ಗಿನ ಹಿಂದೆ ಇಡೀ ವಿದ್ಯುತ್ ಜಾಲವಿದೆ.

ಇದನ್ನು ಮಗುವಿಗೆ ಖಡಾಖಂಡಿತವಾಗಿ ಹೇಳಿ: ಈ ಪ್ರಯೋಗಕ್ಕೂ ಗೋಡೆಯ ಪ್ಲಗ್ಗಿಗೂ ಸಂಬಂಧವಿಲ್ಲ, ಅದರ ಹತ್ತಿರ ಹೋಗಬಾರದು. ಟೆಸ್ಟರ್ ಒಳಗಿನ ನಿಯಾನ್ ದೀಪ ಇಂಥ ಚಾರ್ಜಿಗೆ ಮಿಣುಕುವುದು ನಿಜ. ಆದರೆ ಒಮ್ಮೆ ಕೈಗೆ ಟೆಸ್ಟರ್ ಕೊಟ್ಟರೆ ಮಕ್ಕಳು ಮುಂದೆ ಅದನ್ನು ಎಲ್ಲಿ ಚುಚ್ಚುತ್ತಾರೆ ಅಂತ ನಿಮಗೇ ಗೊತ್ತು. ನಾನು ಕೊಡುವುದಿಲ್ಲ.

ಬೇರೆ ಏನು ಜಾಗ್ರತೆ ಬೇಕು?

ನಿಜವಾದ ಅಪಾಯ ಬಲೂನಿನ ರಬ್ಬರಿನಲ್ಲಿದೆ. ಒಡೆದ ಚೂರು ಅಥವಾ ಊದದ ಬಲೂನು ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಎಂಟು ವರ್ಷದ ಒಳಗಿನ ಮಕ್ಕಳಿಗೆ ದೊಡ್ಡವರೇ ಊದಿ ಕೊಡಿ, ಪಕ್ಕದಲ್ಲೇ ಇರಿ, ಒಡೆದರೆ ತಕ್ಷಣ ಚೂರೆಲ್ಲ ಆರಿಸಿ. ಕಿಡಿ ಬರುವ ಪ್ರಯೋಗವನ್ನು ಅಡುಗೆಮನೆಯಲ್ಲಿ, ಗ್ಯಾಸ್ ಹತ್ತಿರ ಮಾಡಬೇಡಿ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಷ್ ರಿಮೂವರ್, ಸ್ಯಾನಿಟೈಸರ್ ಸುತ್ತಮುತ್ತ ಇರಬಾರದು. ಪೆನ್ ಡ್ರೈವ್, ಬಿಚ್ಚಿದ ಕಂಪ್ಯೂಟರ್ ಬೋರ್ಡಿಗೆ ಪೈಪು ತಾಗಿಸಬೇಡಿ. ನಮಗೆ ಗೊತ್ತೇ ಆಗದ ಸಣ್ಣ ಕಿಡಿಗೂ ಅವು ಸುಟ್ಟು ಹೋಗುತ್ತವೆ.

ಪುರಿ ನೋಡಿ ಮಕ್ಕಳಿಗೆ ಬೇಜಾರಾಯಿತು. ಇನ್ನೇನು ಮಾಡಬಹುದು?

ತೆಳುವಾದ ಪ್ಲಾಸ್ಟಿಕ್ ಕವರು ಮನೆಯಲ್ಲಿ ಎಲ್ಲೋ ಮೂಲೆಯಲ್ಲಿ ಉಳಿದಿರುತ್ತದೆ. ಅದರ ಬಾಯಿಯ ಕಡೆಯಿಂದ ಒಂದು ಇಂಚು ಅಗಲದ ಪಟ್ಟಿ ಅಡ್ಡಲಾಗಿ ಕತ್ತರಿಸಿ. ಬಿಡಿಸಿದರೆ ಬಳೆಯ ಹಾಗೆ ಆಗುತ್ತದೆ. ಅದನ್ನು ಮೇಜಿನ ಮೇಲಿಟ್ಟು ಉಣ್ಣೆಯಿಂದ ಉಜ್ಜಿ, ಪೈಪನ್ನೂ ಅದೇ ಬಟ್ಟೆಯಿಂದ ಉಜ್ಜಿ. ಬಳೆಯನ್ನು ಮೇಲಕ್ಕೆ ಹಾರಿಸಿ, ಕೆಳಗೆ ಪೈಪು ಹಿಡಿಯಿರಿ. ಎರಡೂ ಮೈನಸ್. ಬಳೆ ಗಾಳಿಯಲ್ಲಿ ತೇಲುತ್ತದೆ, ಪೈಪು ಹಿಡಿದು ಅದನ್ನು ಹಾಲಿನಲ್ಲೆಲ್ಲ ಓಡಾಡಿಸಬಹುದು. ಮೈಗೆ ಹತ್ತಿರ ಬಂದರೆ ಅಂಟಿಬಿಡುತ್ತದೆ, ಕೈ ಚಾಚಿ ಹಿಡಿಯಿರಿ. ತಳ್ಳುವ ಬಲವನ್ನು ಇಷ್ಟು ಚೆನ್ನಾಗಿ ತೋರಿಸುವ ಆಟ ಇನ್ನೊಂದಿಲ್ಲ. ನನ್ನನ್ನು ಕೇಳಿದರೆ ಪುರಿಗಿಂತ ಇದೇ ಮೇಲು.

ನಲ್ಲಿಯ ನೀರನ್ನು ದಾರದಷ್ಟು ಸಣ್ಣಗೆ ಬಿಟ್ಟು, ಉಜ್ಜಿದ ಬಾಚಣಿಗೆ ಅಥವಾ ಪೈಪನ್ನು ಪಕ್ಕಕ್ಕೆ ತಂದರೆ ನೀರಿನ ಎಳೆ ಬಾಗುತ್ತದೆ. ನೀರು ತಾಗಿದರೆ ಆಟ ಮುಗಿಯಿತು, ಒರೆಸಿ ಮತ್ತೆ ಉಜ್ಜಬೇಕು. ನೀರು ಜಾಸ್ತಿ ಪೋಲು ಮಾಡಬೇಡಿ, ಕೆಳಗೆ ಬಕೆಟ್ ಇಡಿ.

ಕತ್ತಲೆಯಲ್ಲಿ ಕಿಡಿ ನೋಡಬೇಕು. ದಾರಿ ಇದೆಯಾ?

ಇದೆ. ಹತ್ತು ವರ್ಷ ದಾಟಿದ ಮಕ್ಕಳ ಜೊತೆ ಮಾಡಿ. ಒಂದು ಥರ್ಮೋಕೋಲ್ ಹಲಗೆ ತೆಗೆದುಕೊಳ್ಳಿ. ಅದಕ್ಕಿಂತ ಚಿಕ್ಕದಾದ ಸ್ಟೀಲ್ ತಟ್ಟೆಯ ನಡುವೆ ಒಣ ಪ್ಲಾಸ್ಟಿಕ್ ಲೋಟವನ್ನು ಅಂಟಿಸಿ, ಅದೇ ಹಿಡಿ. ಥರ್ಮೋಕೋಲನ್ನು ಉಣ್ಣೆಯಿಂದ ಒಂದು ನಿಮಿಷ ಚೆನ್ನಾಗಿ ಉಜ್ಜಿ. ಲೋಟ ಹಿಡಿದು ತಟ್ಟೆಯನ್ನು ಅದರ ಮೇಲಿಡಿ. ತಟ್ಟೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಬೆರಳು ತೆಗೆಯಿರಿ. ಈಗ ಲೋಟ ಹಿಡಿದು ತಟ್ಟೆಯನ್ನು ಎತ್ತಿ, ಅಂಚಿಗೆ ಬೆರಳು ತನ್ನಿ. ಚಟ್ ಅಂತ ಕಿಡಿ ಹಾರುತ್ತದೆ. ಮತ್ತೆ ಇಟ್ಟು, ಮುಟ್ಟಿ, ಎತ್ತಿದರೆ ಮತ್ತೆ ಕಿಡಿ. ಪ್ರತಿ ಸಲ ಉಜ್ಜಬೇಕಾಗಿಲ್ಲ. ಥರ್ಮೋಕೋಲಿನ ಚಾರ್ಜ್ ಅಲ್ಲೇ ಇರುತ್ತದೆ, ಕಿಡಿಗೆ ಬೇಕಾದ ಶಕ್ತಿ ನೀವು ತಟ್ಟೆ ಎತ್ತುವುದರಿಂದ ಬರುತ್ತದೆ. ಇಟಲಿಯ ವೋಲ್ಟಾ 1775ರಲ್ಲಿ ಇಂಥದ್ದೇ ಸಾಧನ ಮಾಡಿ ಪ್ರಸಿದ್ಧಿಗೆ ತಂದರು. ನಾವು ಹೇಳುವ ವೋಲ್ಟ್ ಅವರದೇ ಹೆಸರು.

ದೀಪ ಆರಿಸಿದ ತಕ್ಷಣ ಕಿಡಿ ಕಾಣುವುದಿಲ್ಲ. ಐದು ನಿಮಿಷ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲಿ.

ಇದರಿಂದ ಮೊಬೈಲ್ ಚಾರ್ಜ್ ಮಾಡಬಹುದಾ?

ಇಲ್ಲ. ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಬಲೂನಿನ ಚಾರ್ಜ್ ಕ್ಷಣದಲ್ಲಿ ಹೋಗಿಬಿಡುತ್ತದೆ. ಮೊಬೈಲಿಗೆ ಗಂಟೆಗಟ್ಟಲೆ ಹರಿಯುವ ಕರೆಂಟು ಬೇಕು. ಹಾಗೆ ಬಿಡದೆ ಹರಿಯುವ ಕರೆಂಟು ಹುಟ್ಟುವುದನ್ನು ತೋರಿಸಬೇಕು ಅಂದರೆ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರ ಇದೆ. 1902ರಲ್ಲಿ ಕಾವೇರಿ ನೀರಿನಿಂದ ಅಲ್ಲಿ ವಿದ್ಯುತ್ ತಯಾರಿಸಿ, 140 ಕಿಲೋಮೀಟರಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಲ್ಲಿ ಉಜ್ಜುವ ಕೆಲಸ ಇಲ್ಲ, ಆಯಸ್ಕಾಂತ ಮತ್ತು ತಂತಿ ಸುರುಳಿಯದೇ ಕೆಲಸ.

ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಾಗ ಚುರ್ ಅನ್ನುವುದೂ ಇದೇನಾ?

ಇದೇ. ಪಾಲಿಯೆಸ್ಟರ್ ಬಟ್ಟೆ ಕುರ್ಚಿಗೆ ತಾಗಿ ಬಿಡುತ್ತದೆ, ನಿಮ್ಮ ಮೈಯಲ್ಲಿ ಚಾರ್ಜ್ ಉಳಿಯುತ್ತದೆ, ಬಾಗಿಲ ಚಿಲಕ ಮುಟ್ಟಿದಾಗ ಹಾರುತ್ತದೆ. ಪಾರ್ಕಿನ ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಮಕ್ಕಳ ಕೂದಲು ನಿಲ್ಲುವುದೂ ಅದಕ್ಕೇ.

ಮಿಂಚೂ ಇದೇ ಅಂತಾರೆ. ನಿಜವಾ?

ನಿಜ, ಅಳತೆ ಮಾತ್ರ ಬೇರೆ. ಮೋಡದೊಳಗೆ ಮಂಜಿನ ಹರಳು, ಆಲಿಕಲ್ಲಿನ ಸಣ್ಣ ಉಂಡೆ ಒಂದಕ್ಕೊಂದು ಬಡಿದು ಚಾರ್ಜ್ ಬೇರೆಯಾಗುತ್ತದೆ. ಸಾಮಾನ್ಯವಾಗಿ ಮೋಡದ ತಳದಲ್ಲಿ ಮೈನಸ್ ಸೇರುತ್ತದೆ. ತಡೆಯಲಾರದಷ್ಟಾದಾಗ ಗಾಳಿಯನ್ನು ಸೀಳಿಕೊಂಡು ಇಳಿಯುತ್ತದೆ.

ಫ್ರಾಂಕ್ಲಿನ್ 1752ರಲ್ಲಿ ಗಾಳಿಪಟ ಹಾರಿಸಿದ ಕತೆ ಮಕ್ಕಳಿಗೆ ಗೊತ್ತಿರುತ್ತದೆ. ಮರುವರ್ಷ ರಷ್ಯಾದಲ್ಲಿ ರಿಚ್‌ಮನ್ ಅನ್ನುವ ವಿಜ್ಞಾನಿ ಸಿಡಿಲಿನ ವಿದ್ಯುತ್ ಅಳೆಯಲು ಹೋಗಿ ಸತ್ತರು. ಆ ಕತೆಯನ್ನೂ ಜೊತೆಗೇ ಹೇಳಿ. ಏಪ್ರಿಲ್ ಮೇ ತಿಂಗಳ ಸಂಜೆ ನಮ್ಮ ಕಡೆ ಗುಡುಗು ಮಳೆ ಜೋರು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಲು ಹೇಳಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಸುವುದು ಮನೆಯೊಳಗೆ ಕೂತು. ಗುಡುಗು ಕೇಳಿತು ಅಂದರೆ ಗದ್ದೆ ಬಯಲಿನಲ್ಲಿ ನಿಲ್ಲಬಾರದು, ಹುಣಸೆ ಮರ ತೆಂಗಿನ ಮರದ ಕೆಳಗಂತೂ ನಿಲ್ಲಲೇಬಾರದು. ಮನೆಯೊಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಇರಬೇಕು. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಹೋಗಬಾರದು.

ಶಾಲೆಯ ಸೈನ್ಸ್ ಎಕ್ಸಿಬಿಷನ್ನಿಗೆ ಇದನ್ನೇ ಇಡಬಹುದಾ?

ಧಾರಾಳವಾಗಿ. ಆದರೆ ಜನ ತುಂಬಿದ ಹಾಲಿನಲ್ಲಿ ಎಲ್ಲರ ಉಸಿರು ಬೆವರಿನಿಂದ ತೇವ ಏರುತ್ತದೆ, ಮನೆಯಲ್ಲಿ ಆದಷ್ಟು ಚೆನ್ನಾಗಿ ಆಗುವುದಿಲ್ಲ. ಕಿಟಕಿ ಪಕ್ಕದ, ಬಿಸಿಲು ಬೀಳುವ ಮೇಜನ್ನು ಮೊದಲೇ ಕೇಳಿ ಹಿಡಿದುಕೊಳ್ಳಿ. ಫ್ಯಾನಿನ ಕೆಳಗೆ ಬೇಡ. ಬಲೂನನ್ನು ನಂಬಬೇಡಿ, ಪೈಪು ಇಟ್ಟುಕೊಳ್ಳಿ. ಬಂದವರೆಲ್ಲ ಪೈಪನ್ನು ಬೆವರಿನ ಕೈಯಲ್ಲಿ ಹಿಡಿದು ನೋಡುತ್ತಾರೆ, ಆಮೇಲೆ ಅದು ಕೆಲಸ ಮಾಡುವುದಿಲ್ಲ. ಮುಟ್ಟಲು ಒಂದು, ತೋರಿಸಲು ಒಂದು ಅಂತ ಎರಡು ಪೈಪು ಒಯ್ಯಿರಿ. ಪುರಿ ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಡಿ. ತೀರ್ಪುಗಾರರು ಬಂದಾಗ ಪುರಿ ಅಂಟುವುದನ್ನು ಬೇಗ ತೋರಿಸಿ ಮುಗಿಸಿ, ದಾರದ ಪುರಿ ದೂರ ಓಡುವುದನ್ನು ನಿಧಾನವಾಗಿ ತೋರಿಸಲು ಮಗುವಿಗೆ ಹೇಳಿಕೊಡಿ. "ಯಾಕೆ ಓಡಿತು?" ಅಂತ ಅವರು ಕೇಳಿಯೇ ಕೇಳುತ್ತಾರೆ.